ಹುಳುವನ್ನು ಗುರು ಮಾಡಿಕೊಂಡ ಎಂಜಿನಿಯರ್

ಖಾನಾಪುರ ತಾಲ್ಲೂಕಿನ ಈ ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಕಲಿತು, ಬೆಳಗಾವಿಯಲ್ಲಿ ಬಿ.ಇ. ಮುಗಿಸಿ, ನಾನೀಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ, ನಾನು ಬಹಳ ಗೌರವಿಸುವ ಮಾರ್ಕ್ ಬ್ರುನೆಲ್ ಅವರ ಬದುಕನ್ನು ಚಿಕ್ಕದಾಗಿ ಬರೆಯುತ್ತಿದ್ದೇನೆ.

ಬ್ರುನೆಲ್ 1769ರಲ್ಲಿ ಫ್ರಾನ್ಸಿನ ಹಳ್ಳಿಯೊಂದರ ರೈತ ಕುಟುಂಬದಲ್ಲಿ ಹುಟ್ಟಿದರು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಅಮೆರಿಕಕ್ಕೆ ಹೋಗಿ, 1799ರಲ್ಲಿ ಇಂಗ್ಲೆಂಡಿಗೆ ಬಂದರು. ಹಡಗಿನ ರಾಟೆ ತಯಾರಿಸುವ ಯಂತ್ರಗಳಿಂದ ಹೆಸರು ಮಾಡಿದರೂ ಸಾಲ ತೀರಿಸಲಾಗದೆ 1821ರಲ್ಲಿ ಜೈಲು ಸೇರಬೇಕಾಯಿತು. ಅವರ ಪತ್ನಿಯೂ ಜೊತೆಗೇ ಇದ್ದರು.

ಅದಕ್ಕೂ ಮೊದಲೇ, ಹಡಗುಕಟ್ಟೆಯಲ್ಲಿ ಅವರು ಹುಳು ಕೊರೆದ ಮರವೊಂದನ್ನು ಕಂಡಿದ್ದರಂತೆ. ಸಮುದ್ರದಲ್ಲಿ ಮರ ಕೊರೆಯುವ ಈ ಜೀವಿ ನೋಡಲು ಹುಳುವಿನಂತಿದ್ದರೂ ಕಪ್ಪೆಚಿಪ್ಪಿನ ಬಳಗದ್ದು. ಅದರ ಹತ್ತಿರದ ಕೆಲವು ಜಾತಿಗಳು ಬಂಡೆಯನ್ನೇ ಕೊರೆಯುತ್ತವೆ. ಕಾರವಾರದ ಕಡೆ ಮರದ ದೋಣಿಗಳಿಗೂ ಇದರ ಕಾಟ ಇದ್ದದ್ದೇ. ತಲೆಯ ಮೇಲಿನ ಗರಗಸದಂಥ ಎರಡು ಚಿಪ್ಪುಗಳಿಂದ ಮರವನ್ನು ತುರಿಯುತ್ತ ಅದು ಮುಂದೆ ಸಾಗುತ್ತದೆ. ಹಿಂದೆ ಬಿಲದ ಗೋಡೆಗೆ ಸುಣ್ಣದ ಪದರ ಬಳಿಯುತ್ತದೆ.

ಮುಂದೆ ಕೊರೆ, ಹಿಂದೆ ಗೋಡೆ ಕಟ್ಟು. ಇದೇ ಕ್ರಮವನ್ನು ಬ್ರುನೆಲ್ ಕಬ್ಬಿಣಕ್ಕೆ ಇಳಿಸಿದರು. 1825ರಲ್ಲಿ ಲಂಡನ್ನಿನ ಥೇಮ್ಸ್ ನದಿಯಡಿ ಸುರಂಗದ ಕೆಲಸ ಆರಂಭವಾಯಿತು. ನಮ್ಮಲ್ಲಿ ಬಾವಿಗೆ ರಿಂಗ್ ಇಳಿಸುವಂತೆ, ನೆಲದ ಮೇಲೆ ಕಟ್ಟಿದ ಇಟ್ಟಿಗೆಯ ಗೋಪುರವನ್ನು ಅದರ ಭಾರದಿಂದಲೇ ಕೆಳಗಿಳಿಸಿದರು. ಆಮೇಲೆ 36 ಗೂಡುಗಳ ಕಬ್ಬಿಣದ ಚೌಕಟ್ಟಿನೊಳಗೆ ನಿಂತು ಕಾರ್ಮಿಕರು ಮಣ್ಣು ಅಗೆದರು. ಸ್ವಲ್ಪ ಅಗೆದಂತೆ ಚೌಕಟ್ಟು ಮುಂದಕ್ಕೆ, ಹಿಂದೆ ಇಟ್ಟಿಗೆಯ ಗೋಡೆ.

ನದಿ ಸುಮ್ಮನಿರಲಿಲ್ಲ. 1827ರಲ್ಲಿ ನೀರು ನುಗ್ಗಿತು. 1828ರ ಜನವರಿಯಲ್ಲಿ ಮತ್ತೆ ನುಗ್ಗಿ ಆರು ಜನ ಸತ್ತರು. ಬ್ರುನೆಲ್ ಅವರ ಮಗನೂ ಗಾಯಗೊಂಡ. ಹಣ ಮುಗಿದು ಸುಮಾರು ಏಳು ವರ್ಷ ಕೆಲಸ ನಿಂತಿತು. ಜನ ನಕ್ಕರು. ಅವರು ಬಿಡಲಿಲ್ಲ. ಸುಮಾರು 400 ಮೀಟರ್ ಉದ್ದದ ಆ ಸುರಂಗ 1843ರ ಮಾರ್ಚ್ 25ರಂದು ತೆರೆದಾಗ ಅವರಿಗೆ 73 ವರ್ಷ. 1849ರಲ್ಲಿ ತೀರಿಕೊಂಡರು. ಆ ಸುರಂಗದಲ್ಲಿ ಇಂದಿಗೂ ರೈಲು ಓಡುತ್ತದೆ.

ಬೆಂಗಳೂರು ಮೆಟ್ರೋಗಾಗಿ ನೆಲದಡಿ ಕೊರೆದ ಯಂತ್ರಗಳೂ ಬ್ರುನೆಲ್ ಅವರ ಚೌಕಟ್ಟಿನ ವಂಶದವೇ. ಎಲ್ಲರೂ ಪೀಡೆ ಎಂದು ಬೈಯುತ್ತಿದ್ದ ಜೀವಿಯ ಕೆಲಸವನ್ನು ಅವರು ಕೂತು ನೋಡಿದರು. ಶಾಲೆಯ ನನ್ನ ತಮ್ಮ ತಂಗಿಯರೇ, ನಮ್ಮ ಸುತ್ತಲಿನ ಕಾಡು, ಹೊಲ, ಹಳ್ಳಗಳಲ್ಲಿ ಇಂಥ ಗುರುಗಳು ಬೇಕಾದಷ್ಟಿದ್ದಾರೆ. ನೋಡುವ ತಾಳ್ಮೆ ಇರಲಿ. ನಮ್ಮ ಶಾಲೆ ನೂರು ವರ್ಷ ಬಾಳಲಿ.