ಗುಜರಿಯಿಂದ ಎದ್ದ ವಿಮಾನ, ಸೊಲ್ಲಾಪುರದ ವಾಲಚಂದ

ಎರಡನೇ ಮಹಾಯುದ್ಧದ ಜಪಾನಿ ಫೈಟರ್ ‘ಝೀರೋ’ ಇವತ್ತಿಗೂ ಹಾರತದ ಅಂದ್ರ ನಂಬ್ತೀರಾ? 1944ರಲ್ಲಿ ಸೈಪಾನ್ ದ್ವೀಪದಲ್ಲಿ ಅಮೆರಿಕನ್ನರ ಕೈಗೆ ಸಿಕ್ಕ ಒಂದು ಝೀರೋ, ಕ್ಯಾಲಿಫೋರ್ನಿಯಾದ ಚೀನೋ ಊರಿನ ಮ್ಯೂಸಿಯಂನಲ್ಲಿದೆ. ಅದರೊಳಗೆ ಓಡೋದು ಆಗಿನ ಜಪಾನಿ ‘ಸಕಾಯೆ’ ಇಂಜಿನ್ನೇ. ಸತ್ತೂರದಾಗ ಕೂತು ಇಂಥ ವಿಡಿಯೋ ನೋಡಿ ನಾವು ಬೆರಗಾಗ್ತೀವಿ. ಆದ್ರ ಯುದ್ಧದ ಹಳೇ ವಿಮಾನಗಳಿಗೆ ಮತ್ತೆ ಜೀವ ಕೊಡೋ ಕೆಲಸ 1948ರಲ್ಲೇ ನಮ್ಮ ಬೆಂಗಳೂರಿನಲ್ಲಿ ನಡೆದಿತ್ತು. ಆ ಕಾರ್ಖಾನೆ ಕಟ್ಟಿದವರು ವಾಲಚಂದ ಹಿರಾಚಂದ.

ವಾಲಚಂದ ಹುಟ್ಟಿದ್ದು 1882ರಲ್ಲಿ, ಸೊಲ್ಲಾಪುರದ ಜೈನ ವ್ಯಾಪಾರಿ ಮನೆತನದಲ್ಲಿ. ಮನೆಯ ವ್ಯಾಪಾರ ಬಿಟ್ಟು ರೈಲ್ವೆ ಗುತ್ತಿಗೆಗೆ ಇಳಿದರು, ಬೋರ್ ಘಾಟಿನಲ್ಲಿ ಸುರಂಗ ಕೊರೆಸಿದರು. 1919ರಲ್ಲಿ ಅವರ ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಹಡಗು ಮುಂಬೈಯಿಂದ ಲಂಡನ್ನಿಗೆ ಹೊರಟಿತು. ಸಮುದ್ರದ ವ್ಯಾಪಾರವೆಲ್ಲ ಬ್ರಿಟಿಷ್ ಕಂಪನಿಗಳ ಮುಷ್ಟಿಯಲ್ಲಿದ್ದ ಕಾಲ ಅದು.

1939ರಲ್ಲಿ ಅವರಿಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ ಪರಿಚಯವಾದ. ಅವನು ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ. ಭಾರತದಲ್ಲೂ ಯಾಕಾಗಬಾರದು ಅಂತ ವಾಲಚಂದ ಬೆನ್ನು ಹತ್ತಿದರು. ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಬೆಂಗಳೂರಿನಲ್ಲಿ ಜಾಗ ಕೊಟ್ಟರು, ಸಂಸ್ಥಾನ ಬಂಡವಾಳದಲ್ಲೂ ಪಾಲು ಹಾಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಮರುವರ್ಷವೇ ಅಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು.

ಅಷ್ಟರಲ್ಲಿ ಯುದ್ಧ ಬಾಗಿಲಿಗೇ ಬಂತು. 1942ರ ಮಾರ್ಚಿನಲ್ಲಿ ರಂಗೂನ್ ಜಪಾನಿನ ವಶವಾಯಿತು. ಏಪ್ರಿಲ್‌ನಲ್ಲಿ ಬ್ರಿಟಿಷ್ ಸರ್ಕಾರ ವಾಲಚಂದರ ಪಾಲನ್ನು ಕೊಂಡು ಕಾರ್ಖಾನೆಯನ್ನು ತನ್ನ ಕೈಗೆ ತಗೊಂಡಿತು. ಅದೇ ತಿಂಗಳ 6ಕ್ಕೆ ಜಪಾನಿ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬ್ ಹಾಕಿದವು. ಅಲ್ಲೇ ವಾಲಚಂದರ ಹಡಗುಕಟ್ಟೆ ಏಳುತ್ತಿತ್ತು. ಒಂದೇ ತಿಂಗಳಲ್ಲಿ ಎರಡು ಹೊಡೆತ!

ಬೆಂಗಳೂರಿನ ಕಾರ್ಖಾನೆ ಮಿತ್ರಪಡೆಗಳ ವಿಮಾನ ರಿಪೇರಿ ಮಾಡೋ ಕೇಂದ್ರವಾಯಿತು. ಅಲ್ಲಿ ಪಳಗಿದ ಕೈಗಳು ಮುಂದೆ ಕೆಲಸಕ್ಕೆ ಬಂದವು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ‘ಲಿಬರೇಟರ್’ ಬಾಂಬರ್‌ಗಳನ್ನು ಬಳಸೋಕೆ ಬರದಂಗ ಕೆಡಿಸಿ ಬಿಟ್ಟು ಹೋಗಿದ್ದರು. ನಮ್ಮವರು ಅವಕ್ಕೆ ಹಾರುವಷ್ಟು ಮಾತ್ರ ತೇಪೆ ಹಾಕಿದರು. ಪೈಲಟ್ ಜಮ್ಶೆಡ್ ಮುನ್ಶಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ಬಿಚ್ಚಿ, ರಿಪೇರಿ ಮಾಡಿ, ವಾಯುಪಡೆಗೆ ಕೊಟ್ಟರು. ಗುಜರಿ ಅಂತ ಬಿಟ್ಟು ಹೋದದ್ದು 1968ರವರೆಗೆ ದುಡಿಯಿತು. ಅದರಲ್ಲೊಂದು ಅಮೆರಿಕದಲ್ಲಿ ಮತ್ತೆ ದುರಸ್ತಿಯಾಗಿ, 1989ರಿಂದ ವಿಮಾನ ಪ್ರದರ್ಶನಗಳಲ್ಲಿ ಹಾರಿತು.

ವಾಲಚಂದ 1953ರಲ್ಲಿ ತೀರಿಕೊಂಡರು. ನಮ್ಮ ಪಕ್ಕದ ಸಾಂಗ್ಲಿಯ ಇಂಜಿನಿಯರಿಂಗ್ ಕಾಲೇಜಿಗೆ ಅವರದೇ ಹೆಸರು. ಕಾರ್ಖಾನೆಯ ಒಡೆತನ ಅವರ ಕೈಯಲ್ಲಿ ಇದ್ದದ್ದು ಬರೀ ಹದಿನಾರು ತಿಂಗಳು. ಆದರೆ ಆ ಶೆಡ್ಡು, ಆ ಲೇಥು, ಆ ಮಂದಿ ಬೆಂಗಳೂರಿನಲ್ಲಿ ಇರದೇ ಹೋಗಿದ್ದರೆ ಕಾನ್ಪುರದ ಲಿಬರೇಟರ್‌ಗಳು ತುಕ್ಕು ಹಿಡಿದು ಅಲ್ಲೇ ಮಣ್ಣಾಗುತ್ತಿದ್ದವು.