ಅಕ್ಟೋಬರ್ 24: ಸರ್ ಮಿರ್ಜಾ ಇಸ್ಮಾಯಿಲ್ ಜನ್ಮದಿನ

1945ರ ಅಕ್ಟೋಬರ್ 24ರಂದು ವಿಶ್ವಸಂಸ್ಥೆ ಅಸ್ತಿತ್ವಕ್ಕೆ ಬಂತು. 1883ರಲ್ಲಿ ಅದೇ ದಿನಾಂಕದಂದು ಬೆಂಗಳೂರಿನಲ್ಲಿ ಮಿರ್ಜಾ ಇಸ್ಮಾಯಿಲ್ ಜನಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿದ್ದ ಅವರು 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು. ಕನ್ನಂಬಾಡಿಯ ಬೃಂದಾವನ, 1940ರ ಬೆಂಗಳೂರಿನ ವಿಮಾನ ಕಾರ್ಖಾನೆ ಅವರ ಕಾಲದವು. ನಮ್ಮ ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯಿಂದ ಜೋಗದಲ್ಲಿ ವಿದ್ಯುತ್ ಪಡೆಯುವ ಕೆಲಸ ಆರಂಭವಾದದ್ದೂ ಆಗಲೇ.

ಹೊಸ ಮಹಾರಾಜರೊಂದಿಗೆ ಭಿನ್ನಾಭಿಪ್ರಾಯ ಬಂದಾಗ ರಾಜೀನಾಮೆ ಕೊಟ್ಟರು. ಬಳಿಕ ಜೈಪುರದ ದಿವಾನರಾದರು. ಆಮೇಲೆ ಹೈದರಾಬಾದಿನಲ್ಲಿ, ಭಾರತದೊಂದಿಗೆ ಒಪ್ಪಂದವೇ ಸರಿಯೆಂದಾಗ ತೀವ್ರ ವಿರೋಧ ಎದುರಾಯಿತು. ನಿಲುವು ಬದಲಿಸದೆ 1947ರಲ್ಲಿ ಆ ಹುದ್ದೆಯನ್ನೂ ಬಿಟ್ಟರು.

ಮುಂದೆ ತಮ್ಮ ಜನ್ಮದಿನದಂದೇ ಹುಟ್ಟಿದ ವಿಶ್ವಸಂಸ್ಥೆಯ ಪ್ರತಿನಿಧಿಯಾಗಿ ಇಂಡೋನೇಷ್ಯಾದಲ್ಲಿ ದುಡಿದರು. 1959ರ ಜನವರಿ 5ರಂದು ನಿಧನರಾದರು. ಹುದ್ದೆಗಿಂತ ನಿಲುವು ದೊಡ್ಡದೆಂದು ನಡೆದು ತೋರಿಸಿದ ಅವರನ್ನು ಈ ದಿನ ನೆನೆಯೋಣ.