ಕಣ್ಣಿಲ್ಲದೆ ಕಂಡ ವಿಜ್ಞಾನಿ

ಜೇನುಗೂಡಿನ ಒಳಗೆ ಸದಾ ಕತ್ತಲೆ. ಅಲ್ಲಿ ಸಾವಿರಾರು ನೊಣಗಳಿಗೆ ತಾಯಿಯಾದುದು ಒಂದೇ ಒಂದು ರಾಣಿನೊಣ. ಅದು ಕೆಟ್ಟರೆ ಇಡೀ ಕುಟುಂಬವೇ ಕೆಡುತ್ತದೆ. ಆ ಕೇಡಿನ ಗುಟ್ಟನ್ನು ಪ್ರಯೋಗಗಳಿಂದ ಬಯಲಿಗೆ ತಂದವರಲ್ಲಿ ಅಗ್ರಗಣ್ಯನಾದವನು ಒಬ್ಬ ಕುರುಡನೆಂಬುದು ಸೋಜಿಗದ ಸಂಗತಿ. ಅವನೇ ಫ್ರಾನ್ಸುವಾ ಹ್ಯೂಬರ್.

ಹ್ಯೂಬರನು 1750ರ ಜುಲೈ 2ರಂದು ಜಿನೀವಾ ನಗರದಲ್ಲಿ ಜನಿಸಿದನು. ಸುಮಾರು ಹದಿನೈದನೆಯ ವಯಸ್ಸಿಗೆ ಅವನ ದೃಷ್ಟಿ ಕುಂದತೊಡಗಿ, ಕೊನೆಗೆ ಪೂರ್ತಿಯಾಗಿ ನಂದಿಹೋಯಿತು. ಅವನನ್ನು ಮೆಚ್ಚಿದ್ದ ಮಾರಿ ಎಮೆ ಲುಲ್ಲಾಳು ತಂದೆಯ ವಿರೋಧಕ್ಕೆ ಮಣಿಯದೆ, ಪ್ರಾಪ್ತವಯಸ್ಕಳಾಗುವವರೆಗೆ ಕಾದು, ಅವನ ಕೈಹಿಡಿದಳು.

ಹ್ಯೂಬರನ ಮನೆಯಲ್ಲಿ ಫ್ರಾನ್ಸುವಾ ಬರ್ನನ್ಸ್ ಎಂಬ ಪರಿಚಾರಕನಿದ್ದನು. ಅವನು ಒಡೆಯನಿಗೆ ಜೇನಿನ ಕುರಿತ ಗ್ರಂಥಗಳನ್ನು ಓದಿಹೇಳುತ್ತಿದ್ದನು. ಅವನ ಬುದ್ಧಿಯ ಚುರುಕನ್ನು ಕಂಡುಕೊಂಡ ಹ್ಯೂಬರನು ಹಿಂದಿನ ವಿದ್ವಾಂಸರ ಪ್ರಯೋಗಗಳನ್ನೇ ಅವನಿಂದ ಮತ್ತೆ ಮಾಡಿಸಿ ಪಳಗಿಸಿದನು. ಪ್ರಶ್ನೆ ಒಡೆಯನದು, ಕಣ್ಣು ಪರಿಚಾರಕನದು. ಕಂಡುದನ್ನು ಮತ್ತೆ ಮತ್ತೆ ಪರೀಕ್ಷಿಸದೆ ಹ್ಯೂಬರನು ನಂಬುತ್ತಿರಲಿಲ್ಲ.

ರಾಣಿಯು ಗಂಡಿನೊಡನೆ ಕೂಡುವುದು ಗೂಡಿನೊಳಗಲ್ಲ, ಹೊರಗೆ ಹಾರಿಹೋದಾಗ ಎಂಬುದನ್ನು ಅವರು 1788ರಲ್ಲಿ ಸಿದ್ಧಪಡಿಸಿದರು. ಬಳಿಕ ಕೆಲವು ಎಳೆಯ ರಾಣಿಗಳನ್ನು ಮೂರು ವಾರಗಳಿಗೂ ಮಿಕ್ಕಿ ಹೊರಬಿಡದೆ ತಡೆದು, ಅನಂತರ ಬಿಟ್ಟು ನೋಡಿದರು. ಆ ರಾಣಿಗಳು ಮೊಟ್ಟೆಗಳನ್ನೇನೋ ಇಟ್ಟುವು. ಆದರೆ ಅವುಗಳಿಂದ ಹೊರಬಂದುವುಗಳೆಲ್ಲವೂ ಗಂಡುನೊಣಗಳೇ! ಗಂಡುನೊಣವು ಮಕರಂದವನ್ನು ತಾರದು, ಎರಿಯನ್ನು ಕಟ್ಟದು. ಕೆಲಸಗಾರ ನೊಣಗಳು ಮುದಿಯಾಗಿ ಸಾಯುತ್ತಿದ್ದಂತೆ ಅವುಗಳ ಸ್ಥಾನವನ್ನು ತುಂಬುವವರಿಲ್ಲದೆ ಅಂಥ ಕುಟುಂಬವು ಕ್ಷೀಣಿಸುತ್ತದೆ.

ರಾಣಿಯೇ ಇಲ್ಲದ ಗೂಡಿನಲ್ಲಿಯೂ ಕೆಲವೊಮ್ಮೆ ಮೊಟ್ಟೆಗಳು ಕಾಣಿಸಿಕೊಂಡು, ಗಂಡುನೊಣಗಳು ಮಾತ್ರ ಹುಟ್ಟುವುದುಂಟು. ಇವನ್ನು ಇಟ್ಟವರು ಯಾರು? ಅಡಗಿಕೊಂಡ ಸಣ್ಣ ರಾಣಿಯೇ, ಕೆಲಸಗಾರ ನೊಣಗಳೇ? ಇದನ್ನು ತಿಳಿಯಲು ಬರ್ನನ್ಸನು ಎರಡು ಗೂಡುಗಳ ನೊಣಗಳನ್ನೆಲ್ಲ ಒಂದೊಂದಾಗಿ ಕೈಯಲ್ಲಿ ಹಿಡಿದು ಪರೀಕ್ಷಿಸಿದನು. ಕುಟುಕಿನ ನೋವನ್ನು ಲೆಕ್ಕಿಸದೆ 11 ದಿನ ದುಡಿದರೂ ಒಂದು ರಾಣಿಯೂ ಸಿಕ್ಕಲಿಲ್ಲ. ಮೊಟ್ಟೆಯಿಟ್ಟುವು ಕೆಲಸಗಾರ ನೊಣಗಳೇ ಎಂಬುದು ದೃಢವಾಯಿತು.

ಹೀಗೆ ಒಂದೇ ಲಕ್ಷಣಕ್ಕೆ ಎರಡು ಕಾರಣಗಳು: ರಾಣಿ ಕೆಟ್ಟಿರಬಹುದು, ಇಲ್ಲವೆ ರಾಣಿಯೇ ಇಲ್ಲದಿರಬಹುದು. ಜೇನುಸಾಕಣೆಯವರು ಇವನ್ನು ಮೊಟ್ಟೆಗಳನ್ನು ನೋಡಿ ಬೇರ್ಪಡಿಸುತ್ತಾರೆ. ಕಣವೊಂದಕ್ಕೆ ಒಂದೇ ಮೊಟ್ಟೆ ತಳದ ನಡುವಿನಲ್ಲಿದ್ದು, ಕೆಲಸಗಾರ ನೊಣಗಳ ಸಣ್ಣ ಕಣಗಳ ಮೇಲೆ ಉಬ್ಬಿದ ಮುಚ್ಚಳಗಳು ಕಂಡರೆ ಸಾಮಾನ್ಯವಾಗಿ ದೋಷವಿರುವುದು ರಾಣಿಯಲ್ಲಿ. ಒಂದೇ ಕಣದಲ್ಲಿ ಹಲವು ಮೊಟ್ಟೆಗಳು ಗೋಡೆಗೂ ಅಂಟಿಕೊಂಡು ಚದರಿದ್ದರೆ ಅವು ಬಹುಮಟ್ಟಿಗೆ ಕೆಲಸಗಾರ ನೊಣಗಳು ಇಟ್ಟವು.

ಗೂಡಿನ ಒಳಗನ್ನು ನೋಡಲು ಹ್ಯೂಬರನು 1789ರಲ್ಲಿ ಒಂದು ಹೊಸ ಪೆಟ್ಟಿಗೆಯನ್ನು ರೂಪಿಸಿದನು. ಅದರ ಚೌಕಟ್ಟುಗಳು ಪುಸ್ತಕದ ಹಾಳೆಗಳಂತೆ ತೆರೆದುಕೊಳ್ಳುತ್ತಿದ್ದುವು. ಅವನ ಶೋಧಗಳು 1792ರಲ್ಲಿ ಗ್ರಂಥರೂಪವಾಗಿ ಹೊರಬಂದುವು. ತಡವಾಗಿ ಕೂಡಿದ ರಾಣಿಯಿಂದ ಗಂಡುಗಳೇ ಏಕೆ ಹುಟ್ಟುತ್ತವೆಂಬುದು ಮಾತ್ರ ಅವನಿಗೆ ಬಗೆಹರಿಯಲಿಲ್ಲ. ಫಲಿತವಾಗದ ಮೊಟ್ಟೆಯಿಂದ ಗಂಡುನೊಣ ಹುಟ್ಟುವುದೆಂದು 1845ರಲ್ಲಿ ಜೀರ್ಜೋನ್ ಎಂಬ ಪಾದ್ರಿಯು ಪ್ರಕಟಪಡಿಸಿದನು. ರಾಣಿ ಮುದಿಯಾಗಿ, ಅದರ ಒಡಲಲ್ಲಿ ಕೂಡಿಟ್ಟ ವೀರ್ಯವು ಮುಗಿದಾಗಲೂ ಇದೇ ಕೇಡು ತಲೆದೋರುವುದೆಂದು ಈಗ ತಿಳಿದಿದೆ.

ಹ್ಯೂಬರನು 1831ರಲ್ಲಿ ತೀರಿಕೊಂಡನು. ಅವನು ತನ್ನ ಗ್ರಂಥದಲ್ಲಿ ಬರ್ನನ್ಸನ ಶ್ರಮವನ್ನು ಮುಚ್ಚಿಡಲಿಲ್ಲ. ಪರಿಚಾರಕನ ಹೆಸರನ್ನು ಅಭಿಮಾನದಿಂದ ಬರೆದನು. ತನಗೆ ಕಣ್ಣಾದವನನ್ನು ಲೋಕವೂ ಕಾಣಬೇಕೆಂಬುದೇ ಅವನ ಬಯಕೆಯಾಗಿದ್ದಿತು.